ಟಪಾಲಿನ ಬಿ.ಎ.

ರುಮಾಲಿನ ಗಂಜಿಯ ವಾಸನೆ, ಹೊಸ ಬಟ್ಟೆಯದು, ಸಾಲಿನ ಆ ತುದಿಯಲ್ಲಿ ಯಾರದೋ ತಲೆಗೆ ಸುತ್ತಿಕೊಳ್ಳುತ್ತಿದೆ, ಒಂದು ಸುತ್ತು, ಇನ್ನೊಂದು, ಚಪ್ಪಾಳೆ — ಇನ್ನಿಬ್ಬರಾದರೆ ತಾನೇ, ಗೂಳಪ್ಪ ಬೆವರಿದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ, ಎದ್ದು ಹೋಗಬಹುದು, ಈಗಲೂ ಹೋಗಬಹುದು, ಆದರೆ ಈ ಮರಾಠಿ ಊರಿನ ಭವಾನಿ ಪೇಟೆಯ ನಮ್ಮ ಕನ್ನಡ ಮಂದಿಯೆಲ್ಲ ಮಠದ ಅಂಗಳದಲ್ಲಿ ಕಿಕ್ಕಿರಿದಿದ್ದಾರೆ, ಬಾಗಿಲತನಕ ಕಾಲಿಡಲು ಜಾಗವಿಲ್ಲ, ಬಸವ ಜಯಂತಿಯ ದಿನ ಆ ವರ್ಷ ಬಿ.ಎ. ಆದ ಹುಡುಗರಿಗೆ ರುಮಾಲು ಸುತ್ತುವುದು ಇಲ್ಲಿಯ ರೂಢಿ, ಸುತ್ತುವ ಮುಂಚೆ ಹಿರಿಯರಾದ ಶಿವರುದ್ರಪ್ಪನವರು ಎಲ್ಲರಿಗೂ ಕೇಳುವಂತೆ ಒಂದು ಪ್ರಶ್ನೆ ಕೇಳುತ್ತಾರೆ, ಯಾವ ಕಾಲೇಜು ತಮ್ಮಾ, ಹುಡುಗ ಹೇಳುತ್ತಾನೆ, ಚಪ್ಪಾಳೆ. ಯಾವ ಕಾಲೇಜು. ಹೆಂಗಸರ ಕಡೆ ನೋಡಬಾರದು, ಅಲ್ಲಿ ಅವ್ವ ಕೂತಿದ್ದಾಳೆ, ಬಲಗೈ ಸೆರಗಿನೊಳಗೆ — ಆ ಹೆಬ್ಬೆರಳು, ಅವತ್ತು ಅದರ ತುದಿಯಲ್ಲಿ ಹಳದಿ ಮಿಂಚು, ಬೇಡ, ಅದನ್ನು ನೆನೆಯಬಾರದು. ಪಕ್ಕದ ನಿಜಲಿಂಗಪ್ಪ ಮೊಣಕೈ ತಿವಿದ, ಏನ್ ಮಾರಾಯಾ, ಕಾಲೇಜಿನ್ಯಾಗ ನಿನ್ನ ಎಲ್ಲೂ ನೋಡೇ ಇಲ್ಲಲ್ಲ, ಯಾವ ವರ್ಗದಾಗ ಕೂಡತಿದ್ದಿ, ಮೆಣಸಿನಕಾಯಿ ಚೀಲದ ಮ್ಯಾಲೆ ಕೂಡತಿದ್ದೆ ಮಗನೇ ಅನ್ನಬೇಕಿತ್ತು, ಹಲ್ಲು ಕಿರಿದ. ಎಲ್ಲ ಆ ಸಾವಕಾರರ ಮಗ ಮಧುಕರನಿಂದ, ಅವರ ಮೆಣಸಿನಕಾಯಿಯ ಅಡತಿ ಅಂಗಡಿಯಲ್ಲಿ ಚೀಲ ತೂಗುತ್ತ ನಿಂತಾಗ ಅವ ಕಾಲೇಜಿನಿಂದ ಬಂದವನೇ, ಅರೇ ಗೂಳ್ಯಾ, ಮ್ಯಾಟ್ರಿಕ್ ತರೀ ಝಾಲಾಸ ಕಾ ತೂ, ಮ್ಯಾಟ್ರಿಕ್ಕಾದರೂ ಆಗೀಯೇನೋ ಅಂದ, ಹಮಾಲರೆಲ್ಲ ನಕ್ಕರು, ನಕ್ಕವರಿಗೂ ಅಕ್ಷರ ಬರುತ್ತಿರಲಿಲ್ಲ, ಅದೇ ಮೈ ಉರಿಸಿದ್ದು, ಅಪ್ಪ ಸತ್ತ ವರ್ಷ ಐದನೆಯ ಇಯತ್ತೆಗೆ ಸಾಲಿ ಬಿಟ್ಟವನನ್ನು ಯಾವ ಕಾಲೇಜು ಒಳಗೆ ಬಿಡುತ್ತದೆ, ಆದರೆ ಪತ್ರಿಕೆಯ ಜಾಹೀರಾತು ಬಿಡುತ್ತೇನೆ ಅಂದಿತು, ಮ್ಯಾಟ್ರಿಕ್ ಬೇಕಿಲ್ಲ, ಮನೆಗೇ ಟಪಾಲಿನಲ್ಲಿ ಪಾಠ, ಬಡವರಿಗೂ ಎಟಕುವ ಫೀ, ಬಿ.ಎ. — ವಿಶ್ವವಿದ್ಯಾಲಯದ ಹೆಸರು ಪರದೇಶದ್ದು, ವಿಳಾಸ ಕಲಕತ್ತೆಯ ಒಂದು ಟಪಾಲು ಪೆಟ್ಟಿಗೆ.

ಓದಲಿಲ್ಲವೇ, ಓದಿದ, ಮಧ್ಯಾಹ್ನ ಗೋದಾಮಿನಲ್ಲಿ ಖಾರದ ಘಾಟಿಗೆ ಸೀನುತ್ತ, ತೊಡೆಯ ಮೇಲೆ ಡಿಕ್ಷನರಿ, ರೋಮಿನ ದೊರೆಗಳ ಒಂದೊಂದು ಸಾಲಿಗೂ ಕಣ್ಣಲ್ಲಿ ನೀರು, ಅದು ಸುಳ್ಳಲ್ಲ, ಅದೊಂದು ಸುಳ್ಳಲ್ಲ. ಆಮೇಲೆ ಒಮ್ಮೆ ಅವಸರದಲ್ಲಿ ರೋಮಿನ ಉತ್ತರದ ಬದಲು ಬ್ಯಾಡಗಿ ಮೆಣಸಿನಕಾಯಿಯ ಆವಕ ಬರೆದ ಹಾಳೆ ಲಕೋಟೆಗೆ ಹೋಯಿತು, ಅದೂ ಲೆಕ್ಕದ ವಹಿಯ ಮರಾಠಿ ಮೋಡಿ ಅಕ್ಷರದಲ್ಲಿ, ಹೆಸರು ಕಿತ್ತುಹಾಕುತ್ತಾರೆ ಎಂದು ಅನ್ನ ಸೇರಲಿಲ್ಲ, ಹಾಳೆ ತಿರುಗಿ ಬಂತು, ಬ್ಯಾಡಗಿಯ ನೆತ್ತಿಯ ಮೇಲೆ ಕೆಂಪು ಶಾಯಿ, ಅತ್ಯುತ್ತಮ, ಹೀಗೇ ಮುಂದುವರಿಯಿರಿ — ಅವತ್ತೇ ಗೊತ್ತಾಯಿತು. ಗೊತ್ತಾಗಿಯೂ ಮುಂದುವರಿದ. ಕೊನೆಗೆ ಪದವಿಯ ಕಾಗದ ಬಂತು, ಅಂಗೈಯಗಲದ ಬಂಗಾರದ ಮುದ್ರೆ, ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ಮುದ್ರೆಗೆ ಹೆಬ್ಬೆರಳಿನಿಂದ ವಿಭೂತಿ ಹಚ್ಚಿದಳು, ಬಂಗಾರ ಬೆರಳಿಗೇ ಬಂತು, ಬೆರಳನ್ನು ನೋಡಿದಳು, ಮಗನನ್ನು ನೋಡಿದಳು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗಲೇ ಬಾಯಿ ಬಿಡಬಹುದಿತ್ತು. ಮರುದಿನ ಬಾಜೂ ಖೋಲಿಯ ರುದ್ರವ್ವ ಬಂದಳು, ಸಾವಂತ್ರವ್ವಾ, ಮಠದಾಗ ಮಗನ ಹೆಸರ ಕೊಡಬೇ, ರುಮಾಲ ಸುತ್ತತಾರ, ಅವ್ವ ತಟ್ಟನೆ ಅಂದಳು, ಬ್ಯಾಡ ಬಿಡ ಯವ್ವಾ, ಅವಗ ಮಂದ್ಯಾಗ ಕೂಡೂದು ಸೇರೂದಿಲ್ಲ, ಅಷ್ಟಕ್ಕೇ ತಲೆ ಕೆಟ್ಟುಹೋಯಿತು, ಯಾಕ ಬ್ಯಾಡ, ಯಾರಿಗೇನ ಕಡಿಮಿ ಇದ್ದೀನಿ ನಾ, ನಿನಗೇನ ತಿಳೀತದ ಬೇ, ಅಕ್ಷರ ಬರದಾಕಿ, ಕೊಡ್ರಿ ರುದ್ರಕ್ಕ ಹೆಸರ — ಅವ್ವ ಒಲೆಯ ಕಡೆ ತಿರುಗಿದಳು, ಆತಪಾ, ನಿನ್ನ ಮರ್ಜಿ. ಅಕ್ಷರ ಬರದಾಕಿ. ಅವಳು ಬಾಗಿಲು ತೆರೆದು ಹಿಡಿದಿದ್ದಳು, ತಪ್ಪಿಸಿಕೋ ಅಂತ, ತಾನು ಅದನ್ನು ಅವಳ ಮುಖಕ್ಕೇ ದಢಾರನೆ ಹಾಕಿದ, ಮತ್ತು ಈಗ ನಿಜಲಿಂಗಪ್ಪ ಎದೆಯುಬ್ಬಿಸಿ ತನ್ನ ಕಾಲೇಜಿನ ಹೆಸರು ಹೇಳಿಯಾಯಿತು, ಚಪ್ಪಾಳೆ, ಗಂಜಿಯ ವಾಸನೆ ಮೂಗಿಗೇ ಬಂತು, ನಮ್ಮ ಸಾವಂತ್ರವ್ವನ ಮಗ ನೋಡ್ರೆಪಾ, ತಂದಿ ಇಲ್ಲದ ಕೂಸು, ದುಡದು ಓದ್ಯಾನ, ಶಿವರುದ್ರಪ್ಪನವರ ಕಣ್ಣು ನಿಜವಾಗಿ ಒದ್ದೆಯಾಗಿದೆ, ಯಾವ ಕಾಲೇಜು ತಮ್ಮಾ — ಕಾಲೇಜ ಇಲ್ರಿ ಅನ್ನು, ಅನ್ನೋ ಹೇಡಿ, ಇವನ ಕಾಲೇಜೇ ರೀ, ಅಂದದ್ದು ತನ್ನದೇ ದನಿ, ನಿಜಲಿಂಗಪ್ಪ ಸರಕ್ಕನೆ ಹೊರಳಿ ನೋಡುತ್ತಾನೆ, ನೋಡುತ್ತಲೇ ಇದ್ದಾನೆ, ಚಪ್ಪಾಳೆ ಬಿತ್ತು, ಎಲ್ಲರಿಗಿಂತ ಜೋರಾಗಿ ಬಿತ್ತು, ರುಮಾಲು ಹಣೆಗೆ ಬಿಗಿಯುತ್ತದೆ, ಕಿವಿ ಮುಚ್ಚುತ್ತದೆ, ಸದ್ದು ದೂರವಾಗುತ್ತದೆ, ನೋಡಬಾರದು ಅಂದುಕೊಂಡ ಕಡೆಗೇ ಕಣ್ಣು ಹೋಯಿತು, ಹೆಂಗಸರೆಲ್ಲ ಕೈ ತಟ್ಟುತ್ತಿದ್ದಾರೆ, ರುದ್ರವ್ವ ಕೈ ತಟ್ಟುತ್ತಿದ್ದಾಳೆ, ಅವ್ವನ ಕೈ ಸೆರಗಿನಿಂದ ಹೊರಬಂದಿದೆ, ತಟ್ಟುತ್ತಿಲ್ಲ, ತಲೆ ತಗ್ಗಿಸಿ ಹೆಬ್ಬೆರಳನ್ನು ಸೀರೆಗೆ ಒರೆಸುತ್ತಿದ್ದಾಳೆ, ಬಂಗಾರ ಎಂದೋ ಹೋಗಿದೆ, ಬೆರಳಲ್ಲಿ ಏನೂ ಇಲ್ಲ, ಆದರೂ ಒರೆಸುತ್ತಿದ್ದಾಳೆ, ಆ ಹೆಬ್ಬೆರಳು, ಸೀರೆಗೆ, ಮತ್ತೆ, ಆ ಹೆಬ್ಬೆರಳು —