ಮೊಳೆ ಹೊಡೆದ ಶೋಕ

"ಏಣಿ ಹಿಡಿಯೋ ಅಂದ್ರೆ ಸೆರಗು ಹಿಡೀತೀಯಲ್ಲೋ!" ಎಂದು ಏಣಿಯ ಮೇಲಿಂದ ತಂಗಿ ಗದರಿದ ಸದ್ದಿಗೆ ಕಲಾ ಸಂಗ್ರಹಾಲಯದ ಕಿಟಕಿ ಗಾಜುಗಳೆಲ್ಲ ಗಡಗಡ ನಡುಗಿದವು.

ಕಾವಲುಗಾರ ಬೆಚ್ಚಿ ಏಣಿ ಹಿಡಿದ. ಕೆಳಗೆ, ಸಭಾಂಗಣದ ನಡುವೆ, ಶವಪೆಟ್ಟಿಗೆಯಲ್ಲಿ ಅವಳ ಅಕ್ಕ ಮಲಗಿದ್ದಳು. ಆಯುಷ್ಯವನ್ನೆಲ್ಲ ಈ ಕಟ್ಟಡದ ನಿರ್ದೇಶಕಿಯಾಗಿ ಸವೆಸಿದವಳು. ಬೀದಿಯಲ್ಲಿ ಹೋಗುವವರನ್ನೂ ಕಿವಿ ಹಿಂಡಿ ಕರೆತಂದು ಚಿತ್ರದ ಮುಂದೆ ನಿಲ್ಲಿಸಿದವಳು. ಅವಳ ಗೌರವಕ್ಕೆಂದು ಸಂಗ್ರಹಾಲಯದ ಅಧ್ಯಕ್ಷರು ಎಲ್ಲ ಚಿತ್ರಗಳಿಗೂ ಕರಿಬಟ್ಟೆ ಹೊದಿಸಿದ್ದರು.

"ಅಡುಗೆಯವಳು ಸತ್ತಳು ಅಂತ ಊರನ್ನೆಲ್ಲ ಉಪವಾಸ ಕೆಡವ್ತಾರೇನೋ?"

"ಇವತ್ತೊಂದು ದಿನ ಅಲ್ವೇನಮ್ಮಾ? ನಾಳೆ ತೆಗೀತಾರೆ."

"ನಾಳೆ ತೆಗೆಯೋದಕ್ಕೆ ಪಿನ್ನು ಸಾಕು. ಉಳಿದವಕ್ಕೆಲ್ಲ ಪಿನ್ನು, ಇದೊಂದು ಚಿತ್ರಕ್ಕೆ ಯಾಕೋ ಮೊಳೆ?"

ಕಾವಲುಗಾರ ತಲೆ ತಗ್ಗಿಸಿದ. "ಅಧ್ಯಕ್ಷರ ಅಪ್ಪಣೆ. ಅಮ್ಮಾವ್ರನ್ನ ಸಾಗಿಸಿದ ಮೇಲೆ ಇದನ್ನ ನೆಲಮಾಳಿಗೆಗೆ ಇಳಿಸ್ಬೇಕಂತೆ."

* * *

ಆ ಬಟ್ಟೆಯ ಹಿಂದಿನ ಚಿತ್ರದಲ್ಲಿದ್ದವಳು ಇಟ್ಟಿಗೆ ಹೊರುವ ಹೆಂಗಸು. ಬುಟ್ಟಿ ಪಕ್ಕಕ್ಕಿಟ್ಟು, ಮಗುವಿಗೆ ಮೊಲೆಯೂಡುತ್ತ, ನೋಡುವವರನ್ನೇ ದುರುಗುಟ್ಟಿ ನೋಡುವವಳು. ಅಧ್ಯಕ್ಷರು ಪದವಿಗೇರಿದ ದಿನವೇ ಮೂಗು ಮುರಿದಿದ್ದರು.

"ಮೇಡಂ, ಮರ್ಯಾದಸ್ಥರು ಬರೋ ಜಾಗ. ಇದನ್ನ ತೆಗೆಸಿ."

"ಇಂಥವಳು ಇಟ್ಟಿಗೆ ಹೊತ್ತಿದ್ದಕ್ಕೇ ಸಾರ್ ಈ ಗೋಡೆ ಎದ್ದದ್ದು. ಬೇಕಾದ್ರೆ ನೀವು ಹೊರಗೆ ನಿಂತ್ಕೊಳ್ಳಿ."

ಅಂದಿನಿಂದ ಅಕ್ಕ ಆ ಚಿತ್ರದ ಕೆಳಗೇ ಮೇಜು, ಫೋನು ಸಮೇತ ಕಚೇರಿ ಹೂಡಿದಳು. ಕಡತ ಅಲ್ಲೇ, ಊಟ ಅಲ್ಲೇ, ಸಿಡಿಮಿಡಿಯೂ ಅಲ್ಲೇ. ಭೂಕಂಪವೇ ಬಂದು ಕೈಮುಗಿದು ಬೇಡಿದ್ದರೂ ಕದಲುತ್ತಿರಲಿಲ್ಲ. ಅಧ್ಯಕ್ಷರ ತಲೆಗೂದಲೆಲ್ಲ ಉದುರಿತು, ಚಿತ್ರ ಇಳಿಯಲಿಲ್ಲ.

* * *

ಈಗ ಅವರು ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಕರವಸ್ತ್ರದ ಇಸ್ತ್ರಿಯ ಮಡಿಕೆ ಕೂಡ ಕೆಟ್ಟಿರಲಿಲ್ಲ. "ಕಲೆಗಾಗಿ ಜೀವ ತೇಯ್ದ..." ಎಂದವರ ಕಣ್ಣು ಏಣಿಯ ಮೇಲೆ ಬಿತ್ತು.

"ಇಳೀರಮ್ಮಾ! ಸಾವಿನ ಹೊತ್ತಲ್ಲಿ ಇದೇನು ಹುಡುಗಾಟ?"

"ಹೆಣ ಎತ್ತೋವರೆಗಾದ್ರೂ ತಡ್ಕೊಳ್ಳೋಕಾಗ್ಲಿಲ್ವೇ ಸ್ವಾಮಿ ನಿಮಗೆ?"

"ಏಯ್, ಇಳಿಸೋ ಅವರನ್ನ!"

ಕಾವಲುಗಾರ ಅಧ್ಯಕ್ಷರನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಟೋಪಿ ತೆಗೆದು ನೆಲಕ್ಕಿಟ್ಟು, ಏಣಿಗೆ ಹೆಗಲು ಕೊಟ್ಟು ನಿಂತ.

ತಂಗಿ ಎರಡೂ ಕೈಯಲ್ಲಿ ಬಟ್ಟೆ ಜಗ್ಗಿದಳು. ಊರಾಚೆಯ ನಾಯಿಗಳೂ ಬೊಗಳುವಂತೆ ಅದು ಪರ್ರನೆ ಹರಿಯಿತು.

ಮುಂದಿನ ಸಾಲಿನ ಮುದುಕಿಯೊಬ್ಬಳು ತನ್ನ ಕುರ್ಚಿಯನ್ನು ಚಿತ್ರದ ಕಡೆಗೆ ತಿರುಗಿಸಿದಳು. ಪಕ್ಕದವನೂ ತಿರುಗಿಸಿದ. ಕುರ್ಚಿಗಳ ಕಾಲು ನೆಲಕ್ಕೆ ಉಜ್ಜುವ ಸದ್ದಿನಲ್ಲಿ ಮೈಕು ಮುಳುಗಿಹೋಯಿತು. ಅಧ್ಯಕ್ಷರು ಭಾಷಣ ಮುಂದುವರಿಸಿದರು, ಸಭಾಂಗಣ ತುಂಬಿದ ಬೆನ್ನುಗಳಿಗೆ.