ಜಾಲಿಗೆ ಕಟ್ಟಿದ ಕೆಂಪು ಬಟ್ಟೆ

ಜಾಲಿಗಿಡದ ಮೇಲೆ ಕೆಂಪು ಬಟ್ಟೆ ಇರಲಿಲ್ಲ. ಕುರಿಗಾರ ಹಣಮಂತಪ್ಪ ಗಿಡವನ್ನು ಸುತ್ತುಹಾಕಿದ, ಬುಡದ ಕೆಸರಿನಲ್ಲಿ ಹುಡುಕಿದ. ಚಿಂತಾಕಿ ಗುಡ್ಡದ ಹಳ್ಳ ಮಳೆಗೆ ಉಬ್ಬಿ ಬಂಡೆಯಿಂದ ಬಂಡೆಗೆ ಎಗರುತ್ತಿತ್ತು.

ತುಂಬಿದ ಹಳ್ಳದಲ್ಲಿ ದೋಣಿ ನಡೆಸಲೆಂದು ಬೀದರಿನ ನೌಬಾದದಿಂದ ಬಂದಿದ್ದ ಮೇಘಾ ಬೆಳಿಗ್ಗೆ ತಾನೇ ಕಟ್ಟಿದ್ದ ಗುರುತು ಅದು. ಒಬ್ಬರೇ ಕೂರುವ ಸಣ್ಣ ದೋಣಿಯನ್ನು ಮೇಲೆ ಗುಡ್ಡದ ಬುಡದಲ್ಲಿ ಇಳಿಸಿ, ಕುರಿ ತೊಳೆಯುವ ಈ ಮಡುವಿನಲ್ಲಿ ದಡ ಹತ್ತಬೇಕೆಂದು ಅವಳು ಗೊತ್ತು ಮಾಡಿಕೊಂಡಿದ್ದಳು. ತುಂಬಿದ ಹಳ್ಳದಲ್ಲಿ ಕೂತವರಿಗೆ ಎಲ್ಲ ದಡವೂ ಒಂದೇ ಥರ. ಇಲ್ಲಿ ತಪ್ಪಿದರೆ ತಿರುವಿನಾಚೆ ಚೆಕ್ ಡ್ಯಾಂ. ಅದರ ಕೆಳಗಿನ ಸುಳಿ ಎಮ್ಮೆಯನ್ನೂ ವಾಪಸು ಕೊಟ್ಟಿರಲಿಲ್ಲ.

ಬುತ್ತಿ ಬಿಚ್ಚುತ್ತಿದ್ದ ಹೆಂಡತಿ ಭೀಮಬಾಯಿಯನ್ನು ಕೇಳಿದ.

"ಯಾರೋ ಗಂಗಮ್ಮನ ಹರಕಿ ಅರಬಿ ಗೊತ್ತಾಗಲಾರ್ದ ಮುಳ್ಳಿಗಿ ಕಟ್ಯಾರ ಅಂತ ತಿಳದೆ. ನಾನೇ ಒಯ್ದು, ಕುಂಕುಮ ಹಚ್ಚಿ, ಆಕಿ ಬೇವಿನ ಗಿಡಕ್ಕ ಕಟ್ಟಿ ಬಂದೀನ್ರಿ."

ಗಂಗಮ್ಮನ ಬೇವು ಚೆಕ್ ಡ್ಯಾಮಿನ ಪಕ್ಕಕ್ಕೇ ಇತ್ತು.

ಅವಳಿಗೆ ಅವನ ಮುಖ ನೋಡಿಯೇ ಅರ್ಥವಾಯಿತು. ಸೀರೆ ಎತ್ತಿಕಟ್ಟಿ ಬೇವಿನ ಕಡೆ ಓಡಿದಳು. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಹಳದಿ ದೋಣಿ ಕಾಣಿಸಿತು.

ಹಣಮಂತಪ್ಪ ಬೆರಳು ಮಡಿಸಿ ಮೂರು ಸಲ ಸೀಟಿ ಹೊಡೆದ. ಮೇಘಾ ನಕ್ಕು ಹುಟ್ಟನ್ನು ಮೇಲೆತ್ತಿದಳು. ಹಕ್ಕಿ, ಬಸ್ಸಿನ ಹಾರ್ನು, ಔರಾದದ ಸಾಹೇಬರ ಕೆಮ್ಮು ಎಲ್ಲವನ್ನೂ ಅಣಕಿಸುವ ಬಾಯಿ ಅವನದು. ಬೆಳಿಗ್ಗೆ ಅವಳ ಸೀಟಿಯನ್ನೂ ಹಾಗೇ ಅಣಕಿಸಿ, ಅವಳ ಜೊತೆಗಾರ ಬಸವಕಿರಣ ಗಾಬರಿಯಿಂದ ಜೀಪಿನಿಂದ ಹಾರುವಂತೆ ಮಾಡಿದ್ದ. ಆಗ ಅವಳು, "ಕಾಕಾ, ಮೂರು ಸೀಟಿ ಅಂದ್ರ ಜೀವದ ಮಾತರಿ. ಇದ್ರಾಗ ಮಸ್ಕಿರಿ ಬ್ಯಾಡ್ರಿ," ಅಂದಿದ್ದಳು. ಈಗ ರುಮಾಲು ಬೀಸಿದರೂ ಅವಳ ಕಣ್ಣು ಮುಂದಿನ ದಡದಲ್ಲಿ ಕೆಂಪನ್ನೇ ಹುಡುಕುತ್ತಿತ್ತು. ಅವನ ಕೂಗು ನೀರಿನ ಸದ್ದಿನಲ್ಲಿ ಮುಳುಗಿಹೋಯಿತು.

ಅವನು ಸೊಂಟದವರೆಗೆ ನೀರಿಗಿಳಿದ. ಅಲ್ಲಿ ನಿಂತು ಮರಿಯ ಹಾಗೆ ಕೂಗಿದ.

ದಡದ ಮೇಲೆ ಮೇಯುತ್ತಿದ್ದ ಹಿಂಡಿನಲ್ಲಿ ಕೆಂಚಿ ತಲೆಯೆತ್ತಿತು. ಉಣ್ಣೆ ಕತ್ತರಿಸುವ ಮುಂಚೆ ಪ್ರತಿಸಲ ಮಡುವಿಗೆ ಮೊದಲು ಇಳಿಯುವ ಕುರಿ ಅದೇ. ಅದರ ಮರಿ ಇನ್ನೂ ಹಾಲು ಬಿಟ್ಟಿರಲಿಲ್ಲ. ಕೆಂಚಿ ಹಾರಿತು. ಹಿಂದೆಯೇ ಇಡೀ ಹಿಂಡು ಹಾರಿ, ದಡದ ಅಂಚಿನ ನಿಂತ ನೀರಿನಲ್ಲಿ ಬಿಳಿ ಕರಿ ಬೆನ್ನುಗಳ ಸಾಲಾಯಿತು.

ಮೇಘಾ ಸಾಲನ್ನು ಕಂಡಳು, ಕುರಿ ತೊಳೆಯುವ ಮಡು ಇದೇ ಎಂದು ತಿಳಿಯಿತು. ಹುಟ್ಟನ್ನು ಆಳಕ್ಕೆ ಚುಚ್ಚಿ ದೋಣಿಯನ್ನು ಅಡ್ಡ ತಿರುಗಿಸಿದಳು. ದೋಣಿ ಜಾರುತ್ತ ಮಡುವಿನೊಳಗೆ ಬಂದು ಹಣಮಂತಪ್ಪನ ಎದೆಗೆ ಬಡಿಯಿತು. ಅವನು ಎರಡೂ ಕೈಯಿಂದ ಅದನ್ನು ಅಪ್ಪಿ ಹಿಡಿದ. ಎಲ್ಲಕ್ಕಿಂತ ಹೊರಗೆ ನಿಂತಿದ್ದ ಕೆಂಚಿಯ ಕಾಲು ತಪ್ಪಿತು. ಸೆಳವಿಗೆ ಸಿಕ್ಕಿ ಅವನ ಕೈಗೆಟಕುವಷ್ಟು ಹತ್ತಿರದಲ್ಲೇ ಹಾದುಹೋಯಿತು. ಅವನು ದೋಣಿ ಬಿಡಲಿಲ್ಲ.

ಮೇಘಾ ದಡದ ಕೆಸರಿನಲ್ಲಿ ಮೊಣಕಾಲೂರಿ ಕೂತಳು. ಕೆಂಪು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಏದುತ್ತ ಬಂದ ಭೀಮಬಾಯಿ ಅವಳ ತಲೆ, ಬೆನ್ನು, ತೋಳು ಸವರಿ ನೋಡಿದಳು. ಬಟ್ಟೆಯನ್ನು ಮುಂದೆ ಹಿಡಿದಳು. ಅದರ ತುಂಬ ಕುಂಕುಮವಿತ್ತು.

"ಕುರಿ ಮ್ಯಾಲ ಬರವಲ್ಲವರಿ," ಅಂದಳು ಆಮೇಲೆ, ಗಂಡನಿಗೆ.

ಹಿಂಡು ನೀರಿನಲ್ಲೇ ನಿಂತು ಕೆಳಗಿನ ತಿರುವನ್ನು ನೋಡುತ್ತಿತ್ತು. ಹೊಡೆದರೂ ಅಲುಗಲಿಲ್ಲ. ಹಣಮಂತಪ್ಪ ಜಾಲಿಯ ಬುಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಅಲ್ಲಿಂದಲೇ ಕೆಂಚಿಯ ದನಿಯಲ್ಲಿ ಕರೆದ.

ಕುರಿಗಳು ಒಂದೊಂದಾಗಿ ದಡ ಹತ್ತಿದವು. ಅವುಗಳ ನಡುವೆ ನುಸುಳಿಕೊಂಡು ಬಂದ ಕೆಂಚಿಯ ಮರಿ ಅವನ ಒದ್ದೆ ಧೋತರಕ್ಕೆ ಮೂತಿ ತಾಗಿಸಿ ಮೂಸತೊಡಗಿತು.