ಗುಂಡ್ಲವಂಕದ ದಾರಿಯಲ್ಲಿ ಒಂದು ಮಗ್ಗದ ಗುಂಡಿ

ನೀರಿಲ್ಲ ಎಂದು ಜಗಳವಾಗುವುದು ನಮ್ಮ ಕಡೆ ಹೊಸದಲ್ಲ. ಈ ಜಗಳ ಆದದ್ದು ನೀರು ಬಂತು ಎಂದು.

ಊರು ಸೋಮಂದೇಪಲ್ಲಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಲ್ಲಿ ವೆಂಕಟೇಶಪ್ಪನವರದು ರೇಷ್ಮೆ ಸೀರೆ ನೇಯುವ ಮನೆ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅವರು ಕೂರುತ್ತಾರೆ, ಇನ್ನೊಂದರಲ್ಲಿ ಹೆಂಡತಿ ಪದ್ಮಾವತಮ್ಮ. ಮಗ ನಾಗರಾಜು ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಬನಶ್ರೀ ಕಲ್ಯಾಣದುರ್ಗದ ಕಡೆಯವಳು. ತವರಿನಲ್ಲಿ ಅವಳಿಗೆ ಸ್ವಂತ ಮಗ್ಗವಿತ್ತು. ಮದುವೆಯಾದ ಮೇಲೆ ಅದನ್ನು ಬಿಚ್ಚಿ, ಮರಗಳನ್ನು ಕಟ್ಟಿ ಇಲ್ಲಿಗೆ ತಂದಿದ್ದರು. ಮೂರನೆಯ ಮಗ್ಗಕ್ಕೆ ಜಾಗ ಸಿಗದೆ ಆ ಮರಗಳು ಎರಡು ವರ್ಷದಿಂದ ಹಿತ್ತಲ ಗೋಡೆಗೆ ಒರಗಿಕೊಂಡಿದ್ದವು. ಬನಶ್ರೀ ಅತ್ತೆ ಮಾವನಿಗೆ ನೂಲು ಸುತ್ತಿಕೊಡುತ್ತಿದ್ದಳು.

"ಶ್ರಾವಣದೊಳಗೆ ನಿನ್ ಮಗ್ಗ ಕೂತ್ಕತ್ತದೆ ಕಣಮ್ಮ," ಎಂದು ವೆಂಕಟೇಶಪ್ಪ ಮಾತು ಕೊಟ್ಟಿದ್ದರು. ಊರಾಚೆ ಅವರಿಗೆ ಹಿರಿಯರಿಂದ ಬಂದ ಐದು ಸೆಂಟು ಜಾಗವಿತ್ತು. ಅಲ್ಲೇ ಮನೆ ಕಟ್ಟುವುದೆಂದು ತೀರ್ಮಾನವಾಯಿತು.

ಆ ಜಾಗದ ಪಕ್ಕದಲ್ಲೇ ಗುಂಡ್ಲವಂಕ. ಮಳೆ ಬಂದಾಗ ಮಾತ್ರ ಹರಿಯುವ ಸಣ್ಣ ಹೊಳೆಗೆ ಈ ಕಡೆ ವಂಕ ಎನ್ನುತ್ತಾರೆ. ಊರಿನ ಹತ್ತಿರ ಅದು ಹರಿದದ್ದನ್ನು ನೋಡಿ ಹನ್ನೆರಡು ವರ್ಷವಾಗಿತ್ತು. ಜಾಲಿ ಬೆಳೆದಿತ್ತು. ಹಳೆ ಮನೆ ಕೆಡವಿದವರೆಲ್ಲ ಒಡೆದ ಇಟ್ಟಿಗೆಯನ್ನು ಅಲ್ಲಿಗೇ ತಂದು ಸುರಿಯುತ್ತಿದ್ದರು. ಅರ್ಧ ವಂಕ ಮುಚ್ಚಿಹೋಗಿತ್ತು.

ವೆಂಕಟೇಶಪ್ಪನವರ ಮನೆತನದಲ್ಲಿ ಒಂದು ಪದ್ಧತಿ. ಹೊಸ ಮನೆಗೆ ಮೊದಲು ಅಗೆಯುವುದು ಪಾಯವಲ್ಲ, ಮಗ್ಗದ ಗುಂಡಿ. ನೇಯುವವರು ನೆಲದ ಮಟ್ಟದಲ್ಲಿ ಕೂತು, ಕಾಲುಗಳನ್ನು ಆ ಗುಂಡಿಯೊಳಗೆ ಇಳಿಬಿಟ್ಟು, ಒಳಗಿರುವ ಹಲಗೆಗಳನ್ನು ತುಳಿಯುತ್ತಾರೆ. ಗುಂಡಿಗೆ ಅರಿಶಿನ ಕುಂಕುಮ ಇಟ್ಟು, ಅದರ ಸುತ್ತ ಗೋಡೆ ಎಬ್ಬಿಸುವುದು. ಅದರಂತೆ ಸೊಂಟದ ಆಳಕ್ಕೆ ಗುಂಡಿ ಅಗೆದರು. ಮೂರನೆಯ ಬೆಳಿಗ್ಗೆ ನೋಡಿದರೆ ತಳದಲ್ಲಿ ಗೇಣು ನೀರು!

ಊರಲ್ಲಿ ಮಳೆ ಬಿದ್ದು ಹದಿನೆಂಟು ದಿನವಾಗಿತ್ತು. ಪಕ್ಕದಲ್ಲಿ ಗಿರಿಯಪ್ಪನ ರೇಷ್ಮೆ ಸೊಪ್ಪಿನ ತೋಟ. ಅಲ್ಲಿ ಬೋರು, ಪೈಪು. ವೆಂಕಟೇಶಪ್ಪ ಬೇಲಿಯ ಹತ್ತಿರ ನಿಂತೇ ಕೂಗಿದರು.

"ಏನಯ್ಯಾ ಗಿರಿಯಪ್ಪಾ, ನಮ್ ಗುಂಡಿಗೂ ಡ್ರಿಪ್ಪು ಬಿಟ್ಟಿದ್ದೀಯಾ?"

"ನನ್ ಸೊಪ್ಪಿಗೇ ನೀರು ಸಾಲ್ದು. ನಿನ್ ಗುಂಡಿಗ್ ಎಲ್ಲಿಂದ ಬಿಡ್ಲಿ?"

"ಹಂಗಾರೆ ಈ ನೀರು ಆಕಾಶದಿಂದ ಬಿತ್ತಾ? ನಿನ್ ಪೈಪು ಒಳಗೊಳಗೇ ಸೋರ್ತಾ ಐತೆ."

"ಮಗ್ಗಕ್ಕೆ ಅಂತ ಗುದ್ದಲಿ ಹಿಡಿದು ಬಾವಿ ತೋಡ್ಬುಟ್ಟಿದ್ದೀಯ. ಪುಣ್ಯವಂತ ಕಣಪ್ಪ. ನಂಗೂ ಎರಡು ಬಿಂದಿಗೆ ಕೊಡು."

ಮಾತಿಗೆ ಮಾತು ಬೆಳೆಯಿತು. ಅಂದು ಭಾನುವಾರ. ಗಿರಿಯಪ್ಪನ ಮಗಳು ಮೇಘನಾ ಮನೆಯಲ್ಲಿದ್ದಳು. ಅವಳು ಹಿಂದೂಪುರದ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಗದ್ದಲ ಕೇಳಿ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಗುಂಡಿಗೆ ಇಳಿದಳು. ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ಎರಡು ಕಲ್ಲು ಕಿತ್ತಳು. ಎರಡೂ ಕೋಳಿಮೊಟ್ಟೆಯಂತೆ ನುಣ್ಣಗಿದ್ದವು.

"ಚಿಕ್ಕಪ್ಪ, ಇದು ಪೈಪಿನ ನೀರಲ್ಲ. ವಂಕದ ನೀರು," ಎಂದಳು. "ಈ ಕಲ್ಲು ನೋಡಿ. ಮೂಲೆ ಇಲ್ಲ, ಚೂಪಿಲ್ಲ. ಮೇಲಿನ ಗುಡ್ಡದಿಂದ ಉರುಳಿ ಉರುಳಿ ಹಿಂಗಾಗೈತೆ. ನೀವು ಗುಂಡಿ ತೋಡಿರೋದು ಹೊಳೆ ಮಧ್ಯದಲ್ಲಿ."

ವೆಂಕಟೇಶಪ್ಪ ನಕ್ಕರು. "ಅಪ್ಪನ ಪರ ಮಾತಾಡ್ದೆ ಇನ್ಯಾರ ಪರ ಮಾತಾಡ್ತೀಯಮ್ಮ. ವಂಕ ಸತ್ತು ಹನ್ನೆರಡು ವರ್ಷ ಆಯ್ತು. ತಿಥಿ ಮಾಡೋದೊಂದೇ ಬಾಕಿ."

"ಮೇಲೆ ಒಣಗಿದ್ರೆ ಸತ್ತಂಗಲ್ಲ. ಮರಳಿನೊಳಗೆ ನೀರು ನಡೀತಾನೇ ಇರ್ತದೆ. ಹೋಗ್ಲಿ, ನನ್ ಮಾತು ನಂಬಬ್ಯಾಡಿ. ಪರೀಕ್ಷೆ ಮಾಡಣ. ನಾಲ್ಕು ದಿನ ಅಪ್ಪ ಬೋರು ಹಾಕಲ್ಲ. ಪೈಪಿನ ನೀರೇ ಆಗಿದ್ರೆ ಗುಂಡಿ ಒಣಗ್ಬೇಕು. ಒಣಗಿದ್ರೆ ಅಪ್ಪನೇ ಪೈಪು ರಿಪೇರಿ ಮಾಡಿಸ್ತಾರೆ."

ಗಿರಿಯಪ್ಪ ಬೆಚ್ಚಿದ. "ನಾಲ್ಕು ದಿನ ನೀರಿಲ್ದಿದ್ರೆ ಸೊಪ್ಪು ಬಾಡ್ತದೆ. ಹುಳ ಏನ್ ತಿಂತವೆ, ನಿನ್ ಪುಸ್ತಕನಾ?"

"ನಾಲ್ಕು ದಿನಕ್ಕೆ ಬಾಡಲ್ಲಪ್ಪಾ. ಬೇರು ಆಳದಲ್ಲೈತೆ."

"ಸರ್ಲೇ, ಆಗ್ಲಿ," ಎಂದರು ವೆಂಕಟೇಶಪ್ಪ. "ಆದ್ರೆ ಬೋರಿನ ಫ್ಯೂಸು ನನ್ ಜೇಬಲ್ಲಿರ್ಬೇಕು."

ಗಿರಿಯಪ್ಪ ಗೊಣಗುತ್ತ ಹೋಗಿ ಸ್ಟಾರ್ಟರ್ ಡಬ್ಬಿಯಿಂದ ಫ್ಯೂಸು ಕಿತ್ತು ತಂದುಕೊಟ್ಟ. ವೆಂಕಟೇಶಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲಿಂದ ತಟ್ಟಿ ನೋಡಿಕೊಂಡರು.

ಗುಂಡಿಯಲ್ಲಿ ಒಂದು ಬಿದಿರು ಕಡ್ಡಿ ನೆಟ್ಟರು. ದಿನಾ ಬೆಳಿಗ್ಗೆ ನೀರು ಎಲ್ಲಿಗೆ ಬಂದಿದೆಯೋ ಅಲ್ಲಿಗೆ ಒಂದು ಬಣ್ಣದ ರೇಷ್ಮೆ ಎಳೆ ಕಟ್ಟುವ ಕೆಲಸವನ್ನು ಬನಶ್ರೀ ವಹಿಸಿಕೊಂಡಳು. ಮೊದಲ ದಿನ ಹಳದಿ ಎಳೆ ಕಟ್ಟಿದಳು.

ಎರಡನೆಯ ಬೆಳಿಗ್ಗೆ ಗಿರಿಯಪ್ಪನ ತಾಯಿ ಸಣ್ಣಕ್ಕ ಕೋಲೂರಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ಕೂತಳು. ಎಂಬತ್ತು ದಾಟಿದ ಜೀವ. ಬನಶ್ರೀ ಹಸಿರು ಎಳೆ ಕಟ್ಟುತ್ತಿದ್ದಳು. ಅದು ಹಳದಿಗಿಂತ ಎರಡು ಬೆರಳು ಮೇಲಿತ್ತು.

"ಇಲ್ಲಿ ನಮ್ ತಲಪರಿಗೆ ಇತ್ತು ಕಣಮ್ಮ," ಎಂದಳು ಸಣ್ಣಕ್ಕ.

"ಅಂದ್ರೇನಜ್ಜಿ?"

"ಮರಳಲ್ಲಿ ಉದ್ದಕ್ಕೆ ಕಾಲುವೆ ತೋಡೋದು. ಅಕ್ಕಪಕ್ಕದಿಂದ ನೀರು ಒಸರಿ ಒಸರಿ ಕಾಲುವೆ ಹಿಡಿದು ಹೊಲಕ್ಕೆ ಹೋಗೋದು. ಕರೆಂಟಿಲ್ಲ, ಬೋರಿಲ್ಲ. ಯುಗಾದಿ ಕಳೆದ ಮೇಲೆ ಮನೆಗೊಬ್ಬರು ಗುದ್ದಲಿ ತಕ್ಕೊಂಡು ಬರ್ಬೇಕು. ಬರ್ದೇ ಇದ್ದೋರಿಗೆ ಆ ವರ್ಷ ನೀರಿನ ಸರದಿ ಕೊನೇಗೆ. ನಮ್ಮತ್ತೆ ಜ್ವರ ಬಂದ್ರೂ ನನ್ನ ಕಳಿಸೋಳು."

"ಆಮೇಲೆ ಏನಾಯ್ತು?"

"ಬೋರು ಬಂದ್ವು. ಸ್ವಿಚ್ ಹಾಕಿದ್ರೆ ನೀರು. ಗುದ್ದಲಿ ಯಾರು ಹಿಡೀತಾರೆ? ಹೂಳು ತುಂಬ್ತು. ಆಮೇಲೆ ಇಟ್ಟಿಗೆ ಸುರಿದ್ರು. ಬೋರಿಗೆ ನೀರು ಕೊಡೋದೂ ಈ ವಂಕನೇ ಅಂತ ಯಾರಿಗೂ ಹೊಳೀಲಿಲ್ಲ."

ಅಜ್ಜಿ ಕೋಲಿನಿಂದ ಊರಿನ ಕಡೆಯ ಕರಿಬಂಡೆಯನ್ನು ತೋರಿಸಿದಳು. "ನಾನು ಮದುವೆಯಾಗಿ ಬಂದ ವರ್ಷ ನೀರು ಆ ಬಂಡೆ ತಂಕ ಬಂದಿತ್ತು. ನಿಮ್ಮ ಮಾವನ ಅಪ್ಪ ಇದೇ ದಡದಲ್ಲಿ ಸೀರೆ ಹಾಸಿನ ಎಳೆ ಉದ್ದಕ್ಕೆ ಎಳೆದು ಗಂಜಿ ಹಾಕ್ತಿದ್ರು. ಇಲ್ಲಿ ಒಂದು ಹನಿ ಮಳೆ ಇಲ್ಲ! ಮೇಲ್ಗಡೆ ಸುರಿದು ನೀರು ಬಂದ್ಬುಡ್ತು. ಎರಡು ಸೀರೆ ಹಾಸು ಕೊಚ್ಕೊಂಡು ಹೋಯ್ತು. ಅವರು ಪಂಚೆ ಎತ್ಕೊಂಡು ಓಡಿದ್ದು ಈಗ್ಲೂ ಕಣ್ಣಿಗೆ ಕಟ್ಟಿದಂಗೈತೆ."

ಹಿಂದೆ ನಿಂತು ಕೇಳುತ್ತಿದ್ದ ವೆಂಕಟೇಶಪ್ಪ, "ಅದೆಲ್ಲ ನಾನು ಹುಟ್ಟೋಕ್ ಮುಂಚಿನ ಕಥೆ," ಎಂದು ಹೊರಟರು. ಆದರೆ ಹೋಗುವಾಗ ತಮ್ಮ ಗುಂಡಿಯಿಂದ ಬಂಡೆಯವರೆಗೆ ಹೆಜ್ಜೆ ಎಣಿಸಿಕೊಂಡೇ ಹೋದರು. ಮೂವತ್ತೆರಡು ಹೆಜ್ಜೆ. ಗುಂಡಿ ಬಂಡೆಗಿಂತ ವಂಕದ ಕಡೆಗೇ ಇತ್ತು.

ಮೂರನೆಯ ದಿನ ಕೆಂಪು ಎಳೆ. ಅದು ಹಸಿರಿಗಿಂತ ಪೂರಾ ಒಂದು ಗೇಣು ಮೇಲೆ. ನಾಲ್ಕನೆಯ ದಿನ ನೀಲಿ ಎಳೆಯೂ ಅದರ ಪಕ್ಕದಲ್ಲೇ ನಿಂತಿತು. ಗುಂಡಿಯೊಳಗೆ ನಿಂತರೆ ಈಗ ಮೊಣಕಾಲು ಮುಳುಗುತ್ತಿತ್ತು.

ಅಂದು ಸಂಜೆ ಬಸ್ಸಿಳಿದ ಮೇಘನಾ ನೇರವಾಗಿ ಅಲ್ಲಿಗೇ ಬಂದಳು. ಎರಡು ಮನೆಯವರೂ ಸೇರಿದ್ದರು.

"ಭಾನುವಾರ ರಾತ್ರಿ ಮೇಲಿನ ಗುಡ್ಡದಲ್ಲಿ ಒಳ್ಳೆ ಮಳೆಯಾಗೈತೆ," ಎಂದಳು. "ವಂಕ ಅಲ್ಲಿ ಹರೀತು. ಒಂದು ಮೈಲಿ ಮೇಲಿನ ಚೆಕ್ ಡ್ಯಾಂ ಹತ್ರ ನಿಂತು ಮರಳಿಗೆ ಇಳೀತು. ಮರಳಲ್ಲಿ ಮೆಲ್ಲಗೆ ನಡ್ಕೊಂಡು ಇಲ್ಲಿಗೆ ಬಂತು."

ವೆಂಕಟೇಶಪ್ಪ ಗಿರಿಯಪ್ಪನ ಕಡೆ ತಿರುಗಿದರು. "ನಾವಿಲ್ದಾಗ ಏನಾದ್ರೂ ಬೋರು..."

"ಫ್ಯೂಸು ನಿಮ್ ಜೇಬಲ್ಲೇ ಐತಲ್ಲ ಮಾವ," ಎಂದಳು ಬನಶ್ರೀ.

ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಫ್ಯೂಸು ಅಲ್ಲೇ ಇತ್ತು. ಗಿರಿಯಪ್ಪ ಏನಾದರೂ ಅಂದುಬಿಡುತ್ತಾನೆಂದು ಎಲ್ಲರೂ ಕಾದರು. ಅವನು ಬರೀ ಕೈ ಚಾಚಿದ. ವೆಂಕಟೇಶಪ್ಪ ಫ್ಯೂಸು ಕೊಟ್ಟರು.

ಆದರೂ ಮನಸ್ಸು ಒಪ್ಪಲಿಲ್ಲ. "ಆಯ್ತು, ವಂಕದ ನೀರೇ ಅನ್ಕೊಳಣ. ಇಪ್ಪತ್ತು ಟ್ರ್ಯಾಕ್ಟರ್ ಮಣ್ಣು ಹೊಡೆಸಿ ಎತ್ತರ ಮಾಡ್ತೀನಿ. ಗುಂಡಿಗೆ ಸಿಮೆಂಟ್ ಬಳಿಸ್ತೀನಿ. ಆಗೇನ್ ಮಾಡ್ತದೆ?"

"ಹಳೇ ವಂಕ ನಲವತ್ತು ಹೆಜ್ಜೆ ಅಗಲ ಇತ್ತು ಚಿಕ್ಕಪ್ಪ. ಇಟ್ಟಿಗೆ, ಬೇಲಿ ಎಲ್ಲ ಸೇರಿ ಈಗ ಹದಿನೈದು ಆಗೈತೆ. ನೀವು ಎತ್ತರ ಮಾಡಿದ್ರೆ ಹತ್ತೂ ಉಳಿಯಲ್ಲ. ದೊಡ್ಡ ಮಳೆ ಬಂದ ದಿನ ನೀರು ಎಲ್ಲಿಗೆ ಹೋಗ್ಬೇಕು? ಆ ಕಡೆ ದಡ ನೋಡಿ."

ಆ ಕಡೆ ದಡದಲ್ಲಿ ಅಂಗನವಾಡಿ ಇತ್ತು. ಗೋಡೆಯ ಮೇಲೆ ಬಾಳೆಹಣ್ಣು, ಮೊಟ್ಟೆಯ ಚಿತ್ರ ಕಾಣುತ್ತಿತ್ತು.

ಎಲ್ಲರೂ ಅತ್ತ ತಿರುಗಿ ನೋಡಿದರು. ಆಮೇಲೆ ಬನಶ್ರೀ ಕೇಳಿದಳು: "ಮೇಘನಕ್ಕ, ಈ ನೀರು ಇಲ್ಲಿಂದ ಮುಂದಕ್ಕೆ ಎಲ್ಲಿಗೆ ಹೋಯ್ತದೆ?"

"ಪೆನ್ನಾ ನದಿಗೆ. ಪೆನ್ನಾ ಪೇರೂರು ದಾಟಿ ನಿಮ್ ಕಲ್ಯಾಣದುರ್ಗದ ಕಡೆ ಹೋಗಿ, ಕೊನೇಗೆ ನೆಲ್ಲೂರಿನಾಚೆ ಸಮುದ್ರ ಸೇರ್ತದೆ."

"ಪೆನ್ನಾ ದಡದಲ್ಲೇ ನಮ್ಮಮ್ಮನ ಊರು. ಬೇಸಿಗೇಲಿ ನಾವು ಮರಳಲ್ಲಿ ಚಿಲುಮೆ ತೋಡಿ ಕುಡಿಯೋ ನೀರು ತುಂಬ್ತಿದ್ವಿ. ಅಂದ್ರೆ ಈ ನೀರೇ ಅಲ್ಲಿಗೆ ಬರ್ತದಾ?"

"ನಾವು ಬಿಟ್ರೆ ಬರ್ತದೆ."

ಬನಶ್ರೀ ಮಾವನ ಎದುರು ನಿಂತಳು. ಹಾಗೆ ನಿಂತು ಮಾತಾಡಿದವಳಲ್ಲ. "ಮಾವ, ಮಗ್ಗ ಬೇಕಾಗಿರೋದು ನಂಗೆ. ಎರಡು ವರ್ಷ ಕಾದಿದ್ದೀನಿ, ಇನ್ನೂ ಕಾಯ್ತೀನಿ. ಈ ಗುಂಡೀಲಿ ಕಾಲಿಟ್ಕೊಂಡು ನಾನು ನೇಯಲ್ಲ. ಥಂಡಿಗೆ ಎಳೆಯೆಲ್ಲ ಅಂಟ್ಕೊಳ್ತವೆ. ಮೇಲಾಗಿ ಮೋಡ ಕಂಡಾಗೆಲ್ಲ ಆ ಮಕ್ಕಳ ಕಡೆ ನೋಡ್ತಾ ಕೂರಕ್ಕೆ ನನ್ ಕೈಲಾಗಲ್ಲ."

ವೆಂಕಟೇಶಪ್ಪ ಕಡ್ಡಿಯನ್ನು ನೋಡಿದರು. ಹಳದಿ ಹಸಿರು ಎರಡೂ ನೀರಿನಡಿ ಕಾಣುತ್ತಿದ್ದವು. ನಲವತ್ತು ವರ್ಷ ಎಳೆ ನೋಡಿಕೊಂಡು ಬದುಕಿದ ಮನುಷ್ಯ.

"ಮಗ್ಗಕ್ಕೆ ಜಾಗ?" ಎಂದರು ಕೊನೆಗೆ. ಧ್ವನಿ ಇಳಿದಿತ್ತು.

ಪದ್ಮಾವತಮ್ಮ ಸೊಸೆಯ ಪಕ್ಕಕ್ಕೆ ಬಂದು ನಿಂತರು. "ಪಡಸಾಲೇಲಿ ಐತಲ್ಲ ಜಾಗ. ನಾನು ಹೋದ ವರ್ಷವೇ ಮೊಳ ಹಾಕಿ ನೋಡಿದ್ದೀನಿ. ನಿಮ್ ಮಂಚ, ಟೀವಿ ಆಚೆ ಹಾಕಿದ್ರೆ ಮಗ್ಗ ಸರಿಯಾಗಿ ಹಿಡೀತದೆ."

"ನನ್ ಮಂಚನಾ?"

"ಮತ್ತಿನ್ಯಾರ್ದು? ಸೋಮವಾರದಿಂದ ಶನಿವಾರದ ತಂಕ ಅದರ ಮೇಲೆ ಸೀರಿಯಲ್ ನೋಡ್ಕೊಂಡು ಕೂರೋರು ಯಾರು?"

ಸಣ್ಣಕ್ಕ ಮೊದಲು ನಕ್ಕಳು. ಆಮೇಲೆ ಗಿರಿಯಪ್ಪ. ಕೊನೆಗೆ ವೆಂಕಟೇಶಪ್ಪನೂ ತಲೆ ಕೆರೆದುಕೊಂಡು, "ಏಮ್ ಚೇಸ್ತಾಮು, ಏನ್ ಮಾಡಣ, ಎಲ್ಲಾ ಒಂದಾಗ್ಬುಟ್ರು," ಎಂದರು.

ಮಂಚ ಜಗಲಿಗೆ ಬಂತು. ಪಡಸಾಲೆಯಲ್ಲಿ ಅಗೆದ ಗುಂಡಿಯಲ್ಲಿ ಒಣ ಕೆಂಪು ಮಣ್ಣು ಸಿಕ್ಕಿತು. ವೆಂಕಟೇಶಪ್ಪ ಮೂರು ಬೆಳಿಗ್ಗೆ ಬಗ್ಗಿ ಮುಟ್ಟಿ ನೋಡಿ, ಆಮೇಲೆ ಮರಗಳನ್ನು ನಿಲ್ಲಿಸಲು ಬಿಟ್ಟರು. ಶ್ರಾವಣದ ಎರಡನೆಯ ಶುಕ್ರವಾರ ಬನಶ್ರೀ ತನ್ನ ಮಗ್ಗದಲ್ಲಿ ಕೂತಳು.

ವಂಕದ ಇಟ್ಟಿಗೆ, ಹೂಳು ತೆಗೆಯುವ ಕೆಲಸ ಅಷ್ಟು ಬೇಗ ಮುಗಿಯಲಿಲ್ಲ. ಮಹಿಳಾ ಸಂಘದ ಸಭೆಯಲ್ಲಿ ಬನಶ್ರೀ, ಮೇಘನಾ ಮಾತು ಎತ್ತಿದಾಗ ಕೆಲವರು ಒಪ್ಪಿದರು, ಕೆಲವರು ಎದ್ದುಹೋದರು. ಮೊದಲ ದಿನ ಗುದ್ದಲಿ ಹಿಡಿದು ಬಂದವರು ಒಂಬತ್ತೇ ಜನ. ಮೂರನೆಯ ವಾರಕ್ಕೆ ಮೂವತ್ತು ದಾಟಿತು. ಇಟ್ಟಿಗೆ ರಾಶಿ ತೆಗೆದು ಊರಿನ ದಾರಿಯ ಹೊಂಡಗಳಿಗೆ ತುಂಬಿದರು. ಸಣ್ಣಕ್ಕ ತೋರಿಸಿದ ಕಡೆ ಹೂಳು ತೆಗೆದಾಗ ತಲಪರಿಗೆಯ ಅಂಚಿಗೆ ಕಟ್ಟಿದ್ದ ಹಳೆಯ ಕಲ್ಲುಗೋಡೆ ನೂರು ಹೆಜ್ಜೆಯವರೆಗೂ ಗಟ್ಟಿಯಾಗಿಯೇ ಇತ್ತು. ಅಕ್ಟೋಬರಿನಲ್ಲಿ ಗುಂಡ್ಲವಂಕ ಆರು ದಿನ ಹರಿಯಿತು. ವೆಂಕಟೇಶಪ್ಪನವರ ಐದು ಸೆಂಟಿನ ಮೇಲೂ ಹರಡಿ ಹೋಯಿತು. ಅಂಗನವಾಡಿಯ ಮೆಟ್ಟಿಲಿಗೆ ನೀರು ಬರಲಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನ ಪಕ್ಕದಲ್ಲೂ ಇಂಥ ಒಂದು ವಂಕ ಇರುತ್ತದೆ. ಹೆಸರು ಬೇರೆ ಇರಬಹುದು, ಹೆಸರೇ ಮರೆತಿರಬಹುದು. ಅದರ ಹತ್ತಿರ ಮನೆಗೆ ಜಾಗ ನೋಡುತ್ತಿದ್ದರೆ ಮೊದಲು ಊರಿನ ಇಬ್ಬರು ಹಿರಿಯರನ್ನು ಬೇರೆಬೇರೆಯಾಗಿ ಕೇಳಿ: ನೀರು ಎಲ್ಲಿಯವರೆಗೆ ಬಂದಿತ್ತು? ಗ್ರಾಮ ಸಚಿವಾಲಯಕ್ಕೆ ಹೋಗಿ ಊರಿನ ನಕ್ಷೆಯಲ್ಲಿ ವಂಕದ ಅಗಲ ನೋಡಿ. ಸೊಂಟದ ಆಳಕ್ಕೆ ಒಂದು ಗುಂಡಿ ತೋಡಿ, ಒಂದು ಮಳೆ ಕಳೆಯುವವರೆಗೆ ಕಾಯಿರಿ. ನುಣ್ಣನೆಯ ಗುಂಡುಕಲ್ಲು, ಮರಳು ಸಿಕ್ಕಿತೋ, ಅದು ಹೊಳೆಯ ಜಾಗ. ಅಲ್ಲಿ ಪಾಯ ಹಾಕಬೇಡಿ. ಕಸ, ಇಟ್ಟಿಗೆ ಸುರಿಯಬೇಡಿ, ಸುರಿಯುವವರನ್ನು ಕಂಡರೆ ಸುಮ್ಮನಿರಬೇಡಿ. ವರ್ಷಕ್ಕೊಂದು ದಿನ ಮನೆಗೊಬ್ಬರು ಗುದ್ದಲಿ ಹಿಡಿದು ಹೋಗಿ.

ಕೆಳಗಿನ ಊರಿನಲ್ಲಿ ಯಾರೋ ಮರಳು ತೋಡಿ, ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿರುತ್ತಾರೆ. ಅವರ ನೀರು ನಿಮ್ಮ ಊರಿನ ಮೇಲೆಯೇ ಹಾದು ಹೋಗಬೇಕು. ದಾರಿ ಬಿಡಿ.